ಅಬ್ರಾಜಿ ಮೇಸ್ತ್ರಿ ಅಳೆದ ನೆಲ

ಗದಗ ಸ್ಟೇಷನ್ನಿನ ಹಳಿ ಮೇಸ್ತ್ರಿ ಅಬ್ರಾಜಿ ಪೆಣಕರ ಕೊಂಕಣದ ಕಡೆಯ ಯೆಹೂದಿ. ಊರಿಗೆಲ್ಲ ಅದೊಂದೇ ಮನೆ. ಶನಿವಾರ ಸಾಹೇಬನೇ ಬಂದು ಒದರಿದರೂ ಸುತ್ತಿಗೆ ಮುಟ್ಟುತ್ತಿರಲಿಲ್ಲ, ಬದಲಿಗೆ ಭಾನುವಾರ ದುಡಿಯುತ್ತಿದ್ದರು. ತಮ್ಮ ತೋರಾ ಗ್ರಂಥವನ್ನು ವಾರಕ್ಕೊಂದು ಪಾಲಿನಂತೆ ಓದಿ ವರ್ಷಕ್ಕೆ ಮುಗಿಸುವುದು ಅವರ ಪದ್ಧತಿ. ಶನಿವಾರ ಕಟ್ಟೆಯ ಮೇಲೆ ಕೂತು ಆ ಪಾಲು ಓದಿ, "ಈ ವಾರ ನನಗ ಏನ್ ಹೇಳೇತಿ ನೋಡೂಣು" ಅನ್ನುತ್ತಿದ್ದರು. ಅವರ ಗ್ಯಾಂಗಿನ ಕೊಟ್ರಪ್ಪನಾದ ನಾನು ಚಹಾದ ಆಸೆಗೆ ಕೇಳುತ್ತ ಕೂಡುತ್ತಿದ್ದೆ.

ಅದು ಹೈದರಾಬಾದಿನ ಗಲಾಟೆಯ ವರ್ಷ, ೧೯೪೮. ರಜಾಕಾರರ ಹೊಡೆತ ತಿಂದ ಜನ ಗಡಿ ದಾಟಿ ಮುಂಡರಗಿಗೆ ಓಡಿ ಬರುತ್ತಿದ್ದರು. ಅವರ ಸಂಕಟ ನಿಜ. ಆದರೆ ನಮ್ಮವರ ಸಿಟ್ಟಿಗೆ ಸಿಕ್ಕಿದ್ದು ಬೆಟಗೇರಿಯ ಮರ್ದಾನಸಾಬ, ಹತ್ತಿ ಹಿಂಜಿ ಗಾದಿ ಹೊಲಿಯುವ ಮುದುಕ. ಗುರುವಾರ ಅವನು ಹಳಿಗುಂಟ ಹುಲಕೋಟಿಗೆ ಹೊರಟಿದ್ದ. ನನ್ನ ಅಣ್ಣ ಸಂಗಪ್ಪ ಗ್ಯಾಂಗಿನ ಹಾರೆ ಎತ್ತಿ ಅವನ ತಲೆಗೆ ಹಾಕಿದ. ಬಿದ್ದ ಮೇಲೂ ಬಿಡಲಿಲ್ಲ. ಹಲ್ಲು, ನೆತ್ತರು ಜಲ್ಲಿಯ ಮೇಲೆಲ್ಲ ಚೆಲ್ಲಿದವು. ಮುದುಕ ಅಲ್ಲೇ ಸತ್ತ. ಹಳಿಯ ಪಕ್ಕದ ನನ್ನ ಗುಡಿಸಲಿನ ಬಾಗಿಲಲ್ಲಿ ನಿಂತು ನಾನು ನೋಡಿದೆ. ತಡೆಯಲು ದೂರದಿಂದ ಓಡಿ ಬರುತ್ತಿದ್ದ ಮೇಸ್ತ್ರಿಯೂ ನೋಡಿದರು.

ಸೋಮವಾರ ಫೌಜದಾರ ಎಲ್ಲರ ಹೇಳಿಕೆ ಬರೆದುಕೊಳ್ಳುವವನಿದ್ದ. ಶನಿವಾರ ಅಣ್ಣ ನನ್ನನ್ನು ಎಳೆದುಕೊಂಡು ಮೇಸ್ತ್ರಿಯ ಮನೆಗೆ ಹೋದ. ಅವರು ಓದುತ್ತಿದ್ದರು.

"ಈ ವಾರದ ಪಾಲು ಕೇಳ್ರಿ. ಹೊಲದಾಗ ಹೆಣ ಬಿದ್ದೈತಿ, ಕೊಂದವರು ಯಾರಂತ ಗೊತ್ತಿಲ್ಲ. ಅಲ್ಲಿಂದ ಸುತ್ತಲಿನ ಊರಿಗೆ ನೆಲಾ ಅಳೀಬೇಕು. ಹತ್ತಿರದ ಊರಿನ ಹಿರಿಯರು ಕಡಸಿನ ಕುತ್ತಿಗಿ ಮುರದು, ಅದರ ಮ್ಯಾಲೆ ಕೈ ತೊಳಕೊಂಡು, 'ನಮ್ಮ ಕೈ ಈ ರಕ್ತ ಸುರಿಸಿಲ್ಲ, ನಮ್ಮ ಕಣ್ಣು ನೋಡಿಲ್ಲ' ಅನ್ನಬೇಕು."

ಅಣ್ಣನ ಮುಖ ಅರಳಿತು. "ನಿಮ್ಮ ದೇವರೂ ಹಂಗ ಹೇಳಂತಾನಲ್ರಿ! ಅಷ್ಟ ಹೇಳ್ರಿ, ಮುಗೀತು."

"ನೋಡದವರು ಹೇಳೂ ಮಾತದು, ಸಂಗಪ್ಪಾ. ನಾ ನೋಡೇನಿ."

ಅಣ್ಣ ಅವರ ಬಲಗೈಯನ್ನು ಕಟ್ಟೆಗೆ ಒತ್ತಿ ಹಿಡಿದು ಗುಂಡುಕಲ್ಲಿನಿಂದ ಜಜ್ಜಿದ. ಎಲುಬು ಮುರಿದ ಸದ್ದು ನನಗೆ ಕೇಳಿಸಿತು. ಬಿಡಿಸಲಿಲ್ಲ. ಹೇಡಿ ನಾನು.

ಭಾನುವಾರ ಮೇಸ್ತ್ರಿ ಕೈಗೆ ಬಟ್ಟೆ ಸುತ್ತಿಕೊಂಡೇ ಬಂದರು. ಅಳತೆ ಟೇಪಿನ ಒಂದು ತುದಿ ನನಗೆ ಕೊಟ್ಟು ನೆತ್ತರಿನ ಕಲೆಯ ಮೇಲೆ ಹಿಡಿಯಲು ಹೇಳಿದರು. ಇನ್ನೊಂದು ತುದಿ ಹಿಡಿದು ತಾವು ನಡೆದರು. ಊರುಗಳು ಬಹಳ ದೂರ ಉಳಿದವು. ಎಲ್ಲಕ್ಕಿಂತ ಹತ್ತಿರ ಇದ್ದದ್ದು ನಾನು ನಿಂತು ನೋಡಿದ್ದ ಗುಡಿಸಲ ಬಾಗಿಲು. ನಲವತ್ತೊಂದು ಅಡಿ. ಅವರು ಟೇಪು ಸುತ್ತಿಟ್ಟು ಹೋದರು.

ಸೋಮವಾರ ಅವರು ಕಂಡದ್ದನ್ನೆಲ್ಲ ಹೇಳಿದರು.

"ಒಬ್ಬರ ಮಾತಿಗೆ ಕೇಸ್ ನಿಲ್ಲೂದಿಲ್ಲ," ಎಂದು ಫೌಜದಾರ ನನ್ನ ಕಡೆ ತಿರುಗಿದ. "ನೀ ನೋಡಿಯೇನಲೇ?"

"ಇಲ್ರೀ."

ಸಂಜೆ ಮೇಸ್ತ್ರಿ ಎಡಗೈಯಲ್ಲಿ ತಂಬಿಗೆ ಹಿಡಿದು ಗುಡಿಸಲಿಗೆ ಬಂದರು. "ಕೈ ಒಡ್ಡು, ಕೊಟ್ರ್ಯಾ. ತೊಳಕೊಂಡು ಆ ಮಾತು ಹೇಳು."

"ನಮ್ಮ ಕೈ ಈ ರಕ್ತ ಸುರಿಸಿಲ್ಲ," ಅಂದೆ. ಕಣ್ಣಿನ ಮಾತಿಗೆ ನಾಲಿಗೆ ಏಳಲಿಲ್ಲ. ಅವರು ಸುರಿಯುತ್ತಲೇ ಇದ್ದರು. ತಂಬಿಗೆ ಬರಿದಾಯಿತು.

ಒದ್ದೆ ಕೈಯಲ್ಲೇ ಠಾಣೆಗೆ ಹೋದೆ.

ಅಣ್ಣನಿಗೆ ಗಲ್ಲಾಯಿತು. ಅವ್ವ ಸಾಯುವ ತನಕ ನನ್ನ ಕೈಯಿಂದ ನೀರು ಕುಡಿಯಲಿಲ್ಲ.