ಸುಣ್ಣ ಬಳಿದವರ ಮಗಳು

ರಷ್ಯಾದ ಯಾರೊಸ್ಲಾವ್ಲ್ ಪಟ್ಟಣದ ಅಂದ್ರೇಯ ಮಠ ಮ್ಯೂಸಿಯಂ ಆಗಿದ್ದ ಕಾಲದಲ್ಲಿ ನಾನು ಇಪ್ಪತ್ತೊಂಬತ್ತು ವರ್ಷ ಅಲ್ಲಿ ಗೈಡ್ ಆಗಿದ್ದೆ. ಅಷ್ಟೂ ವರ್ಷ ಮಠಾಧಿಪತಿಯ ಕೋಣೆಯಲ್ಲಿ ನಿಂತು, ಬಂದವರಿಗೆಲ್ಲ ಒಂದು ಸುಳ್ಳು ಹೇಳಿದೆ. ಮೊದಮೊದಲು ಅದು ಸುಳ್ಳೆಂದು ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಹೇಳಿದೆ.

ಗೊತ್ತಾದದ್ದು ಕಪಿತೊಲಿನಾ ಯೆಗೋರೊವ್ನಾ ಅವರಿಂದ. ಅದೇ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಯಾರೂ ಏನನ್ನೂ ಮುಟ್ಟದಂತೆ ನೋಡಿಕೊಳ್ಳುವ ಕೆಲಸ ಅವರದು. ಗಿಡ್ಡ ದೇಹ, ಅಗಲವಾದ ಮುಖ, ಹೆಗಲ ಮೇಲೆ ಸದಾ ಬೂದು ಉಣ್ಣೆಯ ಶಾಲು. ಹದಿನೈದನೆಯ ವಯಸ್ಸಿನಿಂದ ನೂಲಿನ ಗಿರಣಿಯಲ್ಲಿ ದುಡಿದು, ಶ್ವಾಸಕೋಶ ಕೆಟ್ಟು, ಈ ಕೆಲಸಕ್ಕೆ ಬಂದವರು. ನಾನು ಸೇರಿದ್ದು ಎಪ್ಪತ್ತೊಂದರಲ್ಲಿ, ಇಪ್ಪತ್ತಮೂರರ ಹುಡುಗಿ. ನನ್ನ ಹೆಸರು ನಿನೆಲ್. ಅವರು ಮೊದಲ ದಿನವೇ ನನ್ನನ್ನು ಸಲಿಗೆಯಿಂದ ನೆಲ್ಯಾ ಎಂದು ಕರೆದರು.

"ನೆಲ್ಯಾ, ಬಾ ಇಲ್ಲಿ. ಗಂಟಲು ಒಣಗಿಸ್ಕೊಂಡು ಸಾಯ್ತೀಯಾ? ಚಹಾ ಕುಡಿ. ಸತ್ತೋದ ಮಠಾಧಿಪತಿಗಳು ಎಲ್ಲಿಗೂ ಓಡಿ ಹೋಗಲ್ಲ."

ಮಧ್ಯಾಹ್ನದ ಬಿಡುವಿನಲ್ಲಿ ಮೆಟ್ಟಿಲ ಕೆಳಗಿನ ಸಣ್ಣ ಕೋಣೆಯಲ್ಲಿ ನಾವಿಬ್ಬರೂ ಕೂರುತ್ತಿದ್ದೆವು. ಕಪ್ಪು ಬ್ರೆಡ್ಡಿನ ಮೇಲೆ ಉಪ್ಪು ಉದುರಿಸಿದ ಹಂದಿಕೊಬ್ಬು, ಬೆರ್ರಿ ಹಣ್ಣಿನ ಜಾಮ್ ಹಾಕಿದ ಚಹಾ. ಅಲ್ಲಿ ಕೂತು ಅವರು ತಮ್ಮ ಕತೆ ಹೇಳಿದರು. ಒಂದೇ ದಿನ ಅಲ್ಲ, ಚೂರುಚೂರಾಗಿ.

ಕಪಿತೊಲಿನಾ ಹುಟ್ಟಿದ್ದೇ ಆ ಮಠಾಧಿಪತಿಯ ಕೋಣೆಯಲ್ಲಿ. ಕ್ರಾಂತಿಯಾದ ಮೇಲೆ ಸನ್ಯಾಸಿಗಳನ್ನು ಓಡಿಸಿ, ಆ ಕೋಣೆಗಳಲ್ಲಿ ಗಿರಣಿಯ ಕೆಲಸಗಾರರ ಸಂಸಾರಗಳನ್ನು ಇಳಿಸಿದ್ದರು. ದಪ್ಪ ಗೋಡೆ, ಅಂಗೈಯಗಲದ ಕಿಟಕಿ, ಕಾರಿಡಾರಿನ ಕೊನೆಗೊಂದು ನಲ್ಲಿ. ಅವರ ತಾಯಿ ಫೆದೋಸ್ಯಾ ನೇಯ್ಗೆಯವಳು, ತಂದೆ ಬಾಯ್ಲರ್ ನೋಡಿಕೊಳ್ಳುವವನು. ಅವರ ಪಾಲಿಗೆ ಬಂದ ಕೋಣೆಯಲ್ಲಿ ನೆಲದಿಂದ ಚಾವಣಿಯವರೆಗೆ ಎದ್ದುನಿಂತ ಒಂದು ಒಲೆಯಿತ್ತು. ಅಡುಗೆಯ ಒಲೆಯಲ್ಲ, ಚಳಿಗಾಲದಲ್ಲಿ ಮನೆ ಕಾಯಿಸುವ ಒಲೆ. ಇನ್ನೂರು ವರ್ಷ ಹಳೆಯದು. ಮೈತುಂಬ ನೀಲಿ ಚಿತ್ರಗಳ, ಟೈಲ್ಸಿನಂಥ ಮೆರುಗುಬಿಲ್ಲೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಚಿತ್ರ: ಬಿಲ್ಲು ಹಿಡಿದ ಮನುಷ್ಯ, ಕೊಕ್ಕರೆ, ರೆಕ್ಕೆಯಿರುವ ಮಗು, ಹಡಗು. ಚಿತ್ರದ ಕೆಳಗೆ ಒಂದು ಸಾಲು ಬರಹ.

ಕಪಿತೊಲಿನಾ ಅಕ್ಷರ ಕಲಿತದ್ದು ಆ ಒಲೆಯಿಂದ. ತಂದೆ ಮೊಣಕಾಲ ಮೇಲೆ ಕೂರಿಸಿಕೊಂಡು, ಕೊಕ್ಕರೆಯ ಕೆಳಗಿನ ಸಾಲನ್ನು ಬೆರಳಿಟ್ಟು ಓದಿಸುತ್ತಿದ್ದನಂತೆ. ಎಂಟು ತುಂಬಿದಾಗ ಶಾಲೆಗೆ ಸೇರಿಸಿದರು. ಅದು ಮೂವತ್ತೇಳನೆಯ ಇಸವಿ. ಮೊದಲ ವಾರವೇ ಟೀಚರ್ ಇವರು ಬರೆದ ಪುಸ್ತಕ ಎತ್ತಿ ಹಿಡಿದು ಕೇಳಿದರಂತೆ:

"ಈ ಅಕ್ಷರ ಎಲ್ಲಿ ಕಲಿತೆ? ಪದದ ಕೊನೆಗೆ ಈ ಹಳೇ ಅಕ್ಷರದ ಬಾಲ ಹಚ್ಚೋದು ಕ್ರಾಂತಿ ಆದ್ಮೇಲೆ ನಿಂತು ಇಪ್ಪತ್ತು ವರ್ಷ ಆಯ್ತು! ಪಾದ್ರಿ ಪಾಠ ಹೇಳ್ತಾನಾ ನಿಮ್ಮನೇಲಿ?"

"ಇಲ್ಲ. ಒಲೆ."

ಇಡೀ ತರಗತಿ ನಕ್ಕಿತು. ಟೀಚರ್ ನಗಲಿಲ್ಲ. ಯಾವ ಒಲೆ, ಏನು ಚಿತ್ರ, ರೆಕ್ಕೆ ಇರುವ ಮಗು ಅಂದರೆ ದೇವದೂತನೋ ಎಂದು ಒಂದೊಂದೇ ಕೇಳಿ ಬರೆದುಕೊಂಡರು. ಕಪಿತೊಲಿನಾ ಖುಷಿಯಿಂದ ಎಲ್ಲವನ್ನೂ ಹೇಳಿದಳು. ಯಾರೂ ಅಷ್ಟು ಗಮನವಿಟ್ಟು ಅವಳ ಮಾತು ಕೇಳಿರಲಿಲ್ಲ.

ಹದಿನೈದು ದಿನದೊಳಗೆ ಸುದ್ದಿ ಬಂತು. ಪಾದ್ರಿಗಳ ಕಾಲದ ಒಲೆಗಳನ್ನು ಒಡೆಸಲು ಕಮಿಟಿ ಬರುತ್ತದೆ. ಚಿತ್ರದ ಬಿಲ್ಲೆಗಳ ಒಲೆ ಆ ಕಾರಿಡಾರಿನಲ್ಲಿ ನಾಲ್ಕಿದ್ದವು. ಭಾನುವಾರ ಬೆಳಿಗ್ಗೆ ಫೆದೋಸ್ಯಾ ನದಿಯ ದಂಡೆಯಿಂದ ಎರಡು ಬಕೆಟ್ ಜೇಡಿಮಣ್ಣು ತಂದಳು. ಮಗಳ ಕೆನ್ನೆಗೆ ಒಂದು ಬಿಟ್ಟಳು.

"ಬಾಯಿ ತೆಗೆದೋಳು ನೀನು, ಈಗ ಕೈ ಹಾಕೋಳೂ ನೀನೇ. ಕಲಸು."

ತಾಯಿ, ಮಗಳು, ಪಕ್ಕದ ಕೋಣೆಯ ಇಬ್ಬರು ಹೆಂಗಸರು ಸೇರಿ, ಬಿಲ್ಲೆಯ ಮೆರುಗಿಗೆ ಗೀರು ಬೀಳದಂತೆ ಮೊದಲು ಹಳೆಯ ಲಿನನ್ ಬಟ್ಟೆಯ ಚೂರುಗಳನ್ನು ಹಿಟ್ಟಿನ ಅಂಟಿನಿಂದ ಅಂಟಿಸಿದರು. ಅದರ ಮೇಲೆ ಜೇಡಿಮಣ್ಣು, ಮಣ್ಣಿನ ಮೇಲೆ ಸುಣ್ಣ. ಮನೆಯಲ್ಲಿ ರೊಟ್ಟಿಗೆ ಹಿಟ್ಟಿಲ್ಲದಿದ್ದರೂ ಅಂಟಿಗೆ ಹಿಟ್ಟು ಬಳಸಿದಳು ಎಂದು ತಂದೆ ಬೈದನಂತೆ. ಮಂಗಳವಾರ ಕಮಿಟಿಯವರು ಬಂದರು. ಮೂರು ಒಲೆಗಳನ್ನು ಹಾರೆಯಿಂದ ಒಡೆದು ಚೂರು ಮಾಡಿದರು. ನಾಲ್ಕನೆಯದರ ಮುಂದೆ ನಿಂತು, ಇದು ಬರೀ ಇಟ್ಟಿಗೆ ಒಲೆ, ಇರಲಿ ಬಿಡಿ ಎಂದು ಹೋದರು.

"ಅಮ್ಮ ಅದನ್ನ ದೇವರಿಗೋಸ್ಕರ ಉಳಿಸಲಿಲ್ಲ, ನೆಲ್ಯಾ," ಎಂದು ಕಪಿತೊಲಿನಾ ಹೇಳುತ್ತಿದ್ದರು. "ಒಲೆ ಒಡೆದ್ರೆ ಮಕ್ಕಳು ಚಳಿಗೆ ಸಾಯ್ತಾರೆ ಅಂತ ಉಳಿಸಿದ್ಲು. ಹಾಗಾದ್ರೆ ಬಟ್ಟೆ ಯಾಕೆ ಅಂಟಿಸಿದ್ಲು ಅಂತ ನೀನು ಕೇಳಬಹುದು. ನಾನೂ ಕೇಳ್ದೆ. ಚೆನ್ನಾಗಿದೆ ಅಲ್ವಾ ಅಂದ್ಲು, ಅಷ್ಟೇ."

ಯುದ್ಧದ ಮೊದಲ ಚಳಿಗಾಲದಲ್ಲಿ ಆ ಒಲೆಗೆ ಹಾಕಲು ಸೌದೆಯೇ ಇರಲಿಲ್ಲ. ನಾಲ್ಕು ವರ್ಷದ ತಮ್ಮ ಅದರ ಬುಡದಲ್ಲೇ ಸತ್ತ. ತಂದೆ ಯುದ್ಧದಿಂದ ಬರಲಿಲ್ಲ. ತಾಯಿ ಐವತ್ತೆಂಟರಲ್ಲಿ ತೀರಿಕೊಂಡಳು.

ಅರವತ್ತೊಂದರಲ್ಲಿ ಮಠವನ್ನು ಮ್ಯೂಸಿಯಂ ಮಾಡುವುದೆಂದು ತೀರ್ಮಾನವಾಗಿ, ಎಲ್ಲ ಸಂಸಾರಗಳಿಗೂ ಊರಾಚೆಯ ಐದಂತಸ್ತಿನ ಕಟ್ಟಡಗಳಲ್ಲಿ ಮನೆ ಸಿಕ್ಕಿತು. ಯಾರೂ ಅಳಲಿಲ್ಲ. ಬಿಸಿನೀರು, ಸ್ವಂತ ಕಕ್ಕಸು, ಎಲ್ಲರೂ ಕುಣಿಯುತ್ತ ಹೋದರು. ಕಪಿತೊಲಿನಾ ಕೂಡ. ಆದರೆ ಸಾಮಾನು ಕಟ್ಟುತ್ತಿದ್ದಾಗ ಕಟ್ಟಡದ ದುರಸ್ತಿಗೆ ಬಂದ ಯುವಕನೊಬ್ಬ ಆ ಸುಣ್ಣದ ಒಲೆಯ ಮೇಲೆ ಸೀಮೆಸುಣ್ಣದಲ್ಲಿ ಅಡ್ಡಗೆರೆ ಎಳೆದ. ಕೆಡವಬೇಕಾದ್ದಕ್ಕೆ ಹಾಕುವ ಗುರುತು ಅದು. ಅವನ ಹೆಸರು ರೊಸ್ತಿಸ್ಲಾವ್ ಇಗ್ನಾತ್ಯೆವಿಚ್. ಕಪಿತೊಲಿನಾ ಓಡಿಹೋಗಿ ಅವನ ತೋಳು ಹಿಡಿದರು. ಆಲೂಗಡ್ಡೆ ಹೆರೆಯುವ ಚಾಕು ಕೊಟ್ಟು, ಎಲ್ಲಿ ಕೆರೆಯಬೇಕೆಂದು ತೋರಿಸಿದರು. ಮಣ್ಣು ಉದುರಿ, ಬಟ್ಟೆ ಸುಲಿದು, ಕೊಕ್ಕರೆಯ ನೀಲಿ ರೆಕ್ಕೆ ಹೊರಬಂತು. ಯುವಕ ನೆಲದ ಮೇಲೆ ಕೂತುಬಿಟ್ಟ. ಆಮೇಲೆ ಎದ್ದು ಅವರ ಕೈಗೆ ಮುತ್ತಿಟ್ಟ.

ಅವನು ಆ ಒಲೆಯ ಬಗ್ಗೆ ಪ್ರಬಂಧ ಬರೆದು ಡಾಕ್ಟರೇಟ್ ಪಡೆದ. ನಾನು ಸೇರುವ ಹೊತ್ತಿಗೆ ಮ್ಯೂಸಿಯಮ್ಮಿನ ಉಪನಿರ್ದೇಶಕನಾಗಿದ್ದ. ಕಪಿತೊಲಿನಾಗೆ ಕೆಲಸ ಕೊಡಿಸಿದ್ದೂ ಅವನೇ. ಗೈಡುಗಳು ಬಾಯಿಪಾಠ ಮಾಡಬೇಕಾದ ವಿವರಣೆಯನ್ನು ಬರೆದದ್ದೂ ಅವನೇ. ಅದರಲ್ಲಿ ಈ ಮಾತಿತ್ತು: "ಮೂವತ್ತರ ದಶಕದಲ್ಲಿ ಇಲ್ಲಿ ವಾಸವಿದ್ದ ಸಂಸ್ಕಾರಹೀನ ಬಾಡಿಗೆದಾರರು ಈ ಅಪೂರ್ವ ಕಲಾಕೃತಿಗೆ ಮಣ್ಣು ಮೆತ್ತಿ ಸುಣ್ಣ ಬಳಿದಿದ್ದರು. ವಿಜ್ಞಾನಿಗಳ ಸೂಕ್ಷ್ಮ ಪರಿಶೀಲನೆಯಿಂದ ಇದು ಮರಳಿ ಬೆಳಕು ಕಂಡಿತು."

ಕತೆ ಕೇಳಿದ ಮೇಲೆ ಆ ಸಾಲು ಹೇಳಲು ನನಗೆ ಮುಜುಗರವಾಗುತ್ತಿತ್ತು. ಅವರೇ ಸಮಾಧಾನ ಮಾಡುತ್ತಿದ್ದರು. "ಹೇಳು ಹೇಳು, ನಿನ್ನ ಹೊಟ್ಟೆಪಾಡು. ನಾನು ಕಿವಿ ಮುಚ್ಕೋತೀನಿ. ಗಿರಣಿ ಅರ್ಧ ಕಿವುಡು ಮಾಡಿದೆ, ಉಳಿದರ್ಧ ಏನು ಮಹಾ."

ಎಪ್ಪತ್ತೆಂಟರ ಜೂನ್‌ನಲ್ಲಿ ರ‍್ಯಜಾನ್ ಕಡೆಯಿಂದ ಶಾಲಾ ಟೀಚರುಗಳ ತಂಡ ಬಂತು. ಕೆಥೆಡ್ರಲ್ ತೋರಿಸಿ, ಗಂಟೆಗೋಪುರ ತೋರಿಸಿ, ಮಠಾಧಿಪತಿಯ ಕೋಣೆಗೆ ಕರೆತಂದೆ. ನೆಲ ಸವೆಯದಂತೆ ಶೂಗಳ ಮೇಲೆ ಕಟ್ಟಿಕೊಂಡ ದಪ್ಪ ಉಣ್ಣೆಯ ಚಪ್ಪಲಿ ಎಳೆಯುತ್ತ ಎಲ್ಲರೂ ಒಲೆಯ ಸುತ್ತ ನಿಂತರು. ನಾನು ಆ ಸಾಲು ಹೇಳಿದೆ. ಮುಂದೆ ನಿಂತಿದ್ದ ದಪ್ಪ ಕನ್ನಡಕದ ಹೆಂಗಸು ತಲೆಯಾಡಿಸಿ, "ಹಂದಿಗಳು ಕಣ್ರೀ, ಹಂದಿಗಳು. ಇಂಥವರಿಗೆ ಅರಮನೆ ಕೊಟ್ಟರೂ ಕೊಟ್ಟಿಗೆ ಮಾಡ್ತಾರೆ," ಎಂದಳು.

ಕಪಿತೊಲಿನಾ ಕುರ್ಚಿಯಿಂದ ಎದ್ದರು. ಶಾಲು ಕೆಳಗೆ ಬಿತ್ತು.

"ಆ ಹಂದಿ ನನ್ನಮ್ಮ," ಎಂದರು. "ಫೆದೋಸ್ಯಾ ಅಂತ. ಅವಳ ಜೊತೆ ಮಣ್ಣು ಕಲಸಿದ ಮರಿ ನಾನು. ಇಲ್ಲಿ ಇಂಥ ಒಲೆ ನಾಲ್ಕಿದ್ವು. ಸುಣ್ಣ ಬಳೀದೇ ಇದ್ದ ಮೂರು ಎಲ್ಲೋದ್ವು ಅಂತ ಕೇಳಿ ಈ ಹುಡುಗೀನ. ಒಡೆದೋರು ಯಾರು ಅಂತಾನೂ ಕೇಳಿ. ಅವಳಿಗೆ ಗೊತ್ತು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು, "ಬನ್ನಿ, ಮುಂದಿನ ಕೋಣೆಗೆ ಹೋಗೋಣ," ಎಂದೆ.

ಮಾರನೆಯ ದಿನ ರೊಸ್ತಿಸ್ಲಾವ್ ಇಗ್ನಾತ್ಯೆವಿಚ್ ತಮ್ಮ ಕೋಣೆಗೆ ನಮ್ಮಿಬ್ಬರನ್ನೂ ಕರೆಸಿದರು. ಕೂದಲು ಆಗಲೇ ಬೆಳ್ಳಗಾಗಿತ್ತು, ಮಾತು ಮೆತ್ತಗೆ.

"ಕಪಿತೊಲಿನಾ ಯೆಗೋರೊವ್ನಾ, ನೆನಪು ನಮ್ಮೆಲ್ಲರಿಗೂ ಮೋಸ ಮಾಡುತ್ತೆ. ಆಗ ನೀವು ಚಿಕ್ಕೋರು. ಯಾವ ಕಮಿಟಿ, ಯಾವ ಹಾರೆ? ಹೊರಗಿನವರ ಮುಂದೆ ಇಂಥ ಮಾತು ಆಡಿದ್ರೆ ಪರಿಣಾಮ ಏನು ಅಂತ ಯೋಚಿಸಿದ್ರಾ?"

"ಅರವತ್ತೊಂದರಲ್ಲಿ ನಾನೇನು ಚಿಕ್ಕೋಳಾ? ನೀವು ಕೆರೆದ ಚಾಕು ನಮ್ಮನೇದು. ಎಲ್ಲಿ ಕೆರೀಬೇಕು ಅಂತ ಬೆರಳಿಟ್ಟು ತೋರಿಸಿದ್ದು ಯಾರು?"

ಅವರು ಆ ಮಾತು ಕೇಳಿಸಲೇ ಇಲ್ಲವೆಂಬಂತೆ ನನ್ನ ಕಡೆ ತಿರುಗಿದರು. "ನಿನೆಲ್ ಫಿಲಿಪ್ಪೊವ್ನಾ, ನೀವು ಇತಿಹಾಸ ಓದಿದವರು. ಈಕೆ ಹೇಳೋದಕ್ಕೆ ಏನಾದ್ರೂ ದಾಖಲೆ ಇದೆಯಾ? ಒಂದು ಕಾಗದ?"

ಆ ವರ್ಷ ಸರ್ಕಾರ ಹಂಚುವ ಮನೆಗಳ ಸರದಿ ಪಟ್ಟಿಯಲ್ಲಿ ನನ್ನ ಹೆಸರು ಮೇಲೆ ಬಂದಿತ್ತು. ಸಹಿ ಹಾಕಬೇಕಾದವರು ಇದೇ ಮನುಷ್ಯ. ಗಂಡ, ಅತ್ತೆ, ಮಗು ಎಲ್ಲ ಒಂದೇ ಕೋಣೆಯಲ್ಲಿದ್ದೆವು. ಇದನ್ನು ನೆಪವೆಂದು ಹೇಳುತ್ತಿಲ್ಲ. ಹಾಗಿತ್ತು, ಅಷ್ಟೇ.

"ದಾಖಲೆ ಇಲ್ಲ," ಎಂದೆ.

ಅದು ನಿಜವೇ. ದಾಖಲೆ ಇರಲಿಲ್ಲ.

ಕಪಿತೊಲಿನಾ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ನೆಲಮಾಳಿಗೆಗೆ ಹಾಕಿದರು. ನೋಡಲು ಬಂದವರ ಕೋಟು ಇಸಿದುಕೊಂಡು, ಉಣ್ಣೆ ಚಪ್ಪಲಿ ಕೊಡುವುದು. ಸಂಜೆ ಒದ್ದೆಯಾದ ಚಪ್ಪಲಿಗಳನ್ನು ಜೋಡಿ ಮಾಡಿ ಒಣಹಾಕುವುದು. ಕಿಟಕಿಯಿಲ್ಲದ ಆ ಜಾಗದಲ್ಲಿ ಅವರು ಇಪ್ಪತ್ತೆರಡು ವರ್ಷ ಕೆಮ್ಮಿದರು. ಮೇಲಕ್ಕೆ ಒಂದು ದಿನವೂ ಬರಲಿಲ್ಲ. ನಾನು ಚಹಾಕ್ಕೆ ಕರೆಯಲು ಮೊದಲ ದಿನ ಇಳಿದು ಹೋದಾಗ ತಲೆಯೆತ್ತಿ, "ಬೇಡಿ, ನಿನೆಲ್ ಫಿಲಿಪ್ಪೊವ್ನಾ. ನಿಮಗೆ ತೊಂದರೆ," ಎಂದರು. ಏಳು ವರ್ಷ 'ನೆಲ್ಯಾ, ನೀನು' ಎಂದ ಬಾಯಿ. ಆಮೇಲೆ ಸಾಯುವತನಕ ನನ್ನನ್ನು 'ನೀವು' ಎಂದೇ ಕರೆದರು.

ನನಗೆ ಮನೆ ಸಿಕ್ಕಿತು. ಆ ಸಾಲನ್ನು ಉಪನಿರ್ದೇಶಕರು ಊರಲ್ಲಿ ಇಲ್ಲದಾಗ ನುಂಗುತ್ತಿದ್ದೆ, ಇದ್ದಾಗ ಹೇಳುತ್ತಿದ್ದೆ. ಅವರು ಸಾಮಾನ್ಯವಾಗಿ ಊರಲ್ಲೇ ಇರುತ್ತಿದ್ದರು.

ಕಾಲ ಬದಲಾಯಿತು, ಸೋವಿಯತ್ ಒಕ್ಕೂಟ ಒಡೆಯಿತು. ಈಗ ಹೇಳಬಹುದಿತ್ತು, ಕಮಿಟಿಗಳ ಬಗ್ಗೆ ಎಲ್ಲರೂ ಬಾಯಿಬಿಟ್ಟು ಮಾತಾಡುತ್ತಿದ್ದ ಕಾಲ. ಆದರೆ ರೊಸ್ತಿಸ್ಲಾವ್ ಇಗ್ನಾತ್ಯೆವಿಚ್ ನನಗಿಂತ ಚುರುಕು. ಕೆಥೆಡ್ರಲ್ಲಿನಲ್ಲಿ ಮತ್ತೆ ಪೂಜೆ ಶುರುವಾದ ವರ್ಷವೇ ಮೊದಲ ಸಾಲಿನಲ್ಲಿ ಮೇಣದಬತ್ತಿ ಹಿಡಿದು ನಿಂತು ಶಿಲುಬೆ ಗುರುತು ಹಾಕಿಕೊಂಡರು. ಹೊಸ ಪುಸ್ತಿಕೆ ತಂದರು. ಅದರಲ್ಲಿ 'ಸಂಸ್ಕಾರಹೀನ ಬಾಡಿಗೆದಾರರು' ಎಂಬುದು ಹೋಗಿ, 'ದೇವರನ್ನು ಮರೆತ ಬಾಡಿಗೆದಾರರು' ಎಂದಾಗಿತ್ತು. ಉಳಿದದ್ದು ಹಾಗೆಯೇ. ನಾನು ಅದನ್ನೂ ಬಾಯಿಪಾಠ ಮಾಡಿದೆ.

ಎರಡು ಸಾವಿರದ ಇಸವಿಯಲ್ಲಿ ಮಠವನ್ನು ಸಂಪೂರ್ಣವಾಗಿ ಸನ್ಯಾಸಿಗಳಿಗೆ ಬಿಟ್ಟುಕೊಟ್ಟು, ಮ್ಯೂಸಿಯಂ ಖಾಲಿ ಮಾಡಿಸಿದರು. ನಮ್ಮನ್ನೆಲ್ಲ ಮನೆಗೆ ಕಳಿಸಿದರು. ಮುಂದಿನ ವರ್ಷ, ಪುಟ್ಟ ತಮ್ಮ ಸತ್ತ ದಿನದಂದು ಕಪಿತೊಲಿನಾ ಮಠಕ್ಕೆ ಹೋದರು. ಮೇಣದಬತ್ತಿ ಹಚ್ಚಲು ಬಂದಿದ್ದ ನಾನೂ ಅಂಗಳದಲ್ಲಿದ್ದೆ, ಅವರು ನನ್ನನ್ನು ನೋಡಲಿಲ್ಲ. ಆ ಕಟ್ಟಡದ ಬಾಗಿಲಲ್ಲಿ ಕೂತಿದ್ದ ಎಳೆಗಡ್ಡದ ಸನ್ಯಾಸಿಯನ್ನು ಅವರು ಕೇಳಿದರು, "ತಂದೆ, ಮೇಲಿನ ಕೋಣೆ ಒಂದು ಸಲ ನೋಡ್ಕೊಂಡು ಬರ‍್ತೀನಿ. ಐದೇ ನಿಮಿಷ. ನನ್ನ ತಮ್ಮ ತೀರಿಹೋಗಿದ್ದು ಅಲ್ಲೇ."

"ಅಲ್ಲಿ ಈಗ ಮಠಾಧಿಪತಿಗಳು ಇರ‍್ತಾರೆ, ಅಮ್ಮಾ. ಹೆಂಗಸರಿಗೆ ಪ್ರವೇಶ ಇಲ್ಲ."

"ನಾನು ಅಲ್ಲೇ ಹುಟ್ಟಿದ್ದು ಕಣಪ್ಪಾ."

ಅವನು ನಕ್ಕ. ಕೆಟ್ಟ ನಗುವಲ್ಲ, ಮುದುಕಿಗೆ ಅರಳುಮರಳು ಎನ್ನುವ ನಗು. "ಇದು ಮಠ, ಅಮ್ಮಾ. ಮಠದಲ್ಲಿ ಯಾರಾದ್ರೂ ಹುಟ್ತಾರಾ?"

ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಹೋಗಿ ಹೇಳಬಹುದಿತ್ತು. ಮೇಣದಬತ್ತಿ ಹಿಡಿದು ಕೆಥೆಡ್ರಲ್ ಕಡೆ ನಡೆದೆ.

ಆ ವಾರವೇ ನೋಟ್‌ಬುಕ್ ಹಿಡಿದುಕೊಂಡು ಅವರ ಮನೆಗೆ ಹೋದೆ. ಐದನೆಯ ಅಂತಸ್ತು, ಲಿಫ್ಟ್ ಇಲ್ಲ. ಬಾಗಿಲು ತೆರೆದು ಒಳಗೆ ಕರೆದರು, ಚಹಾ ಕೊಟ್ಟರು, ಜಾಮ್ ಕೊಟ್ಟರು. ನಿಮ್ಮ ಬಾಯಿಂದಲೇ ಎಲ್ಲ ಬರೆದುಕೊಳ್ಳುತ್ತೇನೆ, ದಿನಾಂಕ ಹಾಕಿ, ಸಹಿ ಹಾಕಿಸಿ, ದಾಖಲೆ ಮಾಡುತ್ತೇನೆ ಎಂದೆ.

ಅವರು ಬಹಳ ಹೊತ್ತು ಕೆಮ್ಮಿದರು. ಆಮೇಲೆ ಹೇಳಿದರು: "ಆವತ್ತು ನಿಮಗೆ ಕಾಗದ ಬೇಕಿತ್ತು. ಕಾಗದ ಎದುರಿಗೇ ಕೂತಿತ್ತಲ್ಲ, ನಿನೆಲ್ ಫಿಲಿಪ್ಪೊವ್ನಾ. ಉಸಿರಾಡ್ತಾ ಕೂತಿತ್ತು. ಈಗ ಅದು ಹರಿದು ಹೋಗಿದೆ. ಚಹಾ ಕುಡೀರಿ, ಆರೋಗುತ್ತೆ."

ಇನ್ನೂ ಎರಡು ಸಲ ಹೋದೆ. ಹವಾಮಾನ, ಪಿಂಚಣಿ, ಮೊಣಕಾಲು ನೋವು ಬಿಟ್ಟು ಬೇರೆ ಮಾತಿಲ್ಲ. ಎರಡು ಸಾವಿರದ ಒಂಬತ್ತರ ಮಾರ್ಚಿನಲ್ಲಿ ತೀರಿಕೊಂಡರು. ಹೂಳುವಾಗ ನಾವು ಐವರಿದ್ದೆವು; ಇಬ್ಬರು ಗಿರಣಿಯ ಗೆಳತಿಯರು, ಇಬ್ಬರು ನೆರೆಮನೆಯವರು, ನಾನು. ಅದೇ ವರ್ಷ ರೊಸ್ತಿಸ್ಲಾವ್ ಇಗ್ನಾತ್ಯೆವಿಚ್ ಕೂಡ ಹೋದರು. ಪತ್ರಿಕೆಯಲ್ಲಿ ಅರ್ಧ ಪುಟ ಬಂತು.

ಆಮೇಲೆ ನೆನಪಿನಿಂದಲೇ ಎಲ್ಲವನ್ನೂ ಬರೆದೆ. ಹದಿನಾಲ್ಕು ಪುಟವಾಯಿತು. ಊರಿನ ಇತಿಹಾಸದಲ್ಲಿ ಆಸಕ್ತಿ ಇರುವವರು ತಿಂಗಳಿಗೊಮ್ಮೆ ಲೈಬ್ರರಿಯಲ್ಲಿ ಸೇರುತ್ತಾರೆ, ಅಲ್ಲಿ ಓದಿದೆ. ನನ್ನ "ದಾಖಲೆ ಇಲ್ಲ" ಎಂಬ ಮಾತನ್ನೂ ಬಿಡದೆ ಓದಿದೆ. ಮುಗಿದ ಮೇಲೆ ಒಬ್ಬರು ಕೈ ಎತ್ತಿದರು. ಬಿಲ್ಲೆಗಳ ನೀಲಿ ಬಣ್ಣ ಹೊರದೇಶದಿಂದ ತರಿಸಿದ್ದೋ, ಇಲ್ಲೇ ಮಾಡಿದ್ದೋ ಎಂದು ಕೇಳಿದರು. ಇನ್ನೊಬ್ಬರು, ಆ ಕಾಲದ ಒಲೆಗಳಲ್ಲಿ ಹೊಗೆಗೂಡು ಯಾವ ಕಡೆಗಿರುತ್ತಿತ್ತು ಎಂಬ ಬಗ್ಗೆ ಹತ್ತು ನಿಮಿಷ ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಲೈಬ್ರರಿಯ ಹುಡುಗಿ ಹಾಳೆಗಳನ್ನು ಇಸಿದುಕೊಂಡು, ಯಾವ ಫೈಲಿಗೆ ಸೇರಿಸಲಿ ಎಂದು ಕೇಳಿದಳು. ವ್ಯಕ್ತಿಗಳ ಫೈಲಿಗೆ ಎಂದೆ. ಅವಳು ಪಟ್ಟಿ ನೋಡಿದಳು.

"ಅದು ಗಣ್ಯರಿಗೆ ಮಾತ್ರ, ಆಂಟಿ. ನಿಮ್ದನ್ನ 'ಒಲೆಗಳು' ಅನ್ನೋದರಲ್ಲಿ ಹಾಕ್ತೀನಿ, ಆಗಬಹುದಾ?"

ಆಗಬಹುದು ಎಂದೆ.