ಧಣಿಯ ಹೆಣದ ಮುಂದೆ ದೊಡ್ಡವ್ವ

ದೊಡ್ಡವ್ವನ ಎಡಗಿವಿಯ ಹಾಲೆ ಹರಿದು ಎರಡು ಎಳೆಯಾಗಿ ಜೋತುಬಿದ್ದಿತ್ತು. ಸಿಟ್ಟು ಬಂದಾಗ ಆ ಎರಡು ಎಳೆಗಳ ನಡುವೆ ಬೆರಳಿಟ್ಟು ತಿಕ್ಕುತ್ತ ಕೂಡುತ್ತಿದ್ದಳು. ಹೇಗೆ ಹರಿಯಿತೆಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ. ನನಗೆ ಎಮ್ಮೆ ಎಳೆಯಿತು ಅಂದಿದ್ದಳು, ನನ್ನ ತಂಗಿಗೆ ಕಳ್ಳ ಎಳೆದ ಅಂದಿದ್ದಳು. ಎರಡರಲ್ಲಿ ಖರೇ ಯಾವುದೆಂದು ಹಟ ಹಿಡಿದರೆ, "ಎಮ್ಮಿ ಕಳ್ಳಂದಾಗಿತ್ತು, ಬಿಡಲೇ" ಅಂದಳು.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ನಮ್ಮೂರು ದೇವದುರ್ಗದ ಕಡೆ. ಆದರೆ ನನಗೆ ಬುದ್ಧಿ ಬಂದ ಮೇಲೆ ಅವಳನ್ನು ನೋಡಿದ್ದೆಲ್ಲ ಮಾನ್ವಿಯಲ್ಲಿ, ಬಸ್ ನಿಲ್ದಾಣದ ಹತ್ತಿರ ಜೋಳದ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದಾಗ. ದೇವದುರ್ಗದ ಬಸ್ಸಿನಿಂದ ನಮ್ಮೂರವರು ಯಾರಾದರೂ ಇಳಿದರೆ ಅವಳು ಕೇಳುವ ಮೊದಲ ಮಾತು ಒಂದೇ: "ವಾಡೇದಾಗ ಯಾರರ ಹೋದ್ರೇನು?" ವಾಡೆ ಅಂದರೆ ಊರ ನಡುವೆ ಇರುವ ಧಣಿಯ ಮನೆ, ಮಣ್ಣಿನ ಕೋಟೆಯಂಥದ್ದು. ಹೋಗಿದ್ದಾರೆಂದು ತಿಳಿದರೆ ಸುದ್ದಿ ತಂದವನ ರೊಟ್ಟಿಯ ಮೇಲೆ ಇನ್ನೊಂದಿಷ್ಟು ಚಟ್ನಿ ಬೀಳುತ್ತಿತ್ತು. ಜ್ವರ ಬಂದು ಮಲಗಿದಾಗ ನಾವು ಗಾಬರಿಯಾದರೆ, "ನನಗ ಸಾಯಾಕ ಪುರಸೊತ್ತಿಲ್ಲಲೇ, ಮೊದಲು ಅವರು ಹೋಗ್ಲಿ" ಅನ್ನುತ್ತಿದ್ದಳು.

ಒಮ್ಮೆ ನನ್ನ ಎದುರಿಗೇ ಒಬ್ಬ ಡ್ರೈವರ್ ಜೀಪು ನಿಲ್ಲಿಸಿ ರೊಟ್ಟಿ ಕೇಳಿದ.

"ಯಾ ಊರ ಗಾಡಿಯಪ್ಪಾ?"

ಅವನು ನಮ್ಮೂರ ಹೆಸರು ಹೇಳಿ, ವಾಡೇದ್ದು ಅಂದ.

"ರೊಟ್ಟಿ ಮುಗಿದಾವ."

"ಬುಟ್ಟಿ ತುಂಬ ಕಾಣಾಕತ್ತಾವಲ್ಲವ್ವಾ!"

"ಕಾಣಾಕತ್ತಾವ. ಮುಗಿದಾವ."

ಪಕ್ಕದಲ್ಲಿ ಬಾಳೆಹಣ್ಣು ಮಾರುವ ಚಾಚಾ ನಕ್ಕು, "ಜಾನೇ ದೇ ಭಾಯಿ, ಈ ಅಮ್ಮಗ ಆ ಮನಿ ಹೆಸರು ಕೇಳಿದ್ರ ಹೊಟ್ಟಿಶೂಲಿ ಬರ್ತದ" ಎಂದ.

ಇಷ್ಟು ಹಗೆಗೆ ಕಾರಣ ಊರ ಹೊರಗಿನ ವಾಡೆಯ ಬಾವಿ. ನಾನು ಹುಟ್ಟುವ ಮೊದಲಿನ ಮಾತಿದು. ಧಣಿಯ ಮಗನ ಮದುವೆ. ಬೀಗರಿಗೆ ನೀರು ಸಾಲದೆಂದು ಧಣಿ ಮದುವೆಯ ದಿನ ಬೆಳಿಗ್ಗೆಯೇ ನಮ್ಮ ದೊಡ್ಡಪ್ಪನನ್ನು ಹೂಳೆತ್ತಲು ಬಾವಿಗೆ ಇಳಿಸಿದ. ಬದಿಯ ಮಣ್ಣು ಸಡಿಲಾಗಿದೆ ಎಂದು ದೊಡ್ಡಪ್ಪ ಹೇಳಿದನಂತೆ. ಧಣಿ "ಇಳಿ" ಅಂದ, ದೊಡ್ಡಪ್ಪ ಇಳಿದ. ಮಣ್ಣು ಕುಸಿಯಿತು. ಅತ್ತ ಮದುಮಕ್ಕಳ ಮೇಲೆ ಅಕ್ಕಿಕಾಳು ಬೀಳುವ ಹೊತ್ತು. ಮದುವೆ ಮನೆಗೆ ಅಳುವ ಸದ್ದು ಕೇಳಬಾರದೆಂದು ಧಣಿ ಓಣಿಗೆ ಹೇಳಿ ಕಳಿಸಿದ. ನಮ್ಮ ಓಣಿಯ ಹೆಂಗಸರೇ ಹೆದರಿ ದೊಡ್ಡವ್ವನ ಬಾಯಿಗೆ ಸೆರಗು ತುರುಕಿ ಹಿಡಿದುಕೊಂಡರು. ಬಾಜಾ ನಡೆದಿರುವಾಗಲೇ ದೊಡ್ಡಪ್ಪನನ್ನು ಹೊರತೆಗೆದು, ಹಿಂದಿನ ದಾರಿಯಲ್ಲಿ ಒಯ್ದು ಮಣ್ಣು ಮಾಡಿದರು. ದೊಡ್ಡವ್ವ ಗಂಡನಿಗೆ ಅಳಲಿಲ್ಲ. ಅಳಗೊಡಲಿಲ್ಲ.

ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಹಾಡ್ಯಾಡಿ ಅಳುತ್ತಾರೆ. ಸತ್ತವರ ಗುಣ, ನಡಿಗೆ, ಉಂಡದ್ದು, ಕೊಟ್ಟದ್ದು ಎಲ್ಲ ಆ ರಾಗದಲ್ಲಿ ಬರುತ್ತದೆ. ವಾಡೆಯಲ್ಲಿ ಯಾರು ಸತ್ತರೂ ನಮ್ಮ ಓಣಿಯ ಹೆಂಗಸರು ಹೋಗಿ ಅಂಗಳದಲ್ಲಿ ಕೂತು ಹಾಗೆ ಅಳಬೇಕಿತ್ತು. ಅದೂ ಒಂದು ಬಿಟ್ಟಿ ಚಾಕರಿ. ಆ ಮದುವೆಯಾಗಿ ಕೆಲವು ವರ್ಷಗಳ ಮೇಲೆ ಧಣಿ ಸತ್ತ. ಓಣಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅಳುವವಳೆಂದು ದೊಡ್ಡವ್ವನನ್ನು ಮುಂದೆ ಕೂಡಿಸಿದರು.

ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅವಳ ತೊಡೆಗೆ ಆತುಕೊಂಡು ಕೂತಿದ್ದೆ. ಮೊದಲು ಧಣಿಯ ಹೆಸರಿನಲ್ಲೇ ಶುರು ಮಾಡಿದಳು. ನಂತರ ದನಿ ಏರಿತು.

"ಮಣ್ಣಾಗ ಹೋದ್ಯಲ್ಲೋ ನನ ರಾಜಾ, ನಿನ್ನ ಮ್ಯಾಲ ಬಾಜಾ ಬಾರಿಸಿದ್ರಲ್ಲೋ... ಸೋಬಾನ ಹಾಡಿದ್ರಲ್ಲೋ, ನನ್ನ ಬಾಯಾಗ ಸೆರಗು ತುರುಕಿದ್ರಲ್ಲೋ..."

ಎದೆ ಬಡಿದುಕೊಳ್ಳುತ್ತ, ಹೆಂಡತಿಯ ಬಾಯಲ್ಲಿ ಬರಬಾರದ ಗಂಡನ ಹೆಸರನ್ನು ಕೂಗಿ ಕೂಗಿ ಹೇಳಿದಳು. ಇವಳು ಯಾರಿಗೆ ಅಳುತ್ತಿದ್ದಾಳೆಂದು ಅಂಗಳಕ್ಕೆಲ್ಲ ಗೊತ್ತಾಯಿತು. ಆಮೇಲೆ ಹೆಣದ ಕಡೆ ಕೈಚಾಚಿದಳು: "ಹೋಗು ಧಣೀ ಹೋಗು, ಅಲ್ಲಿ ಬಾಯಿತುಂಬ ಮಣ್ಣು ತುಂಬಿಕೊಂಡು ಆತ ನಿಂತಾನ. ಇಳಿ ಅಂದಿದ್ಯಲ್ಲ, ಈಗ ನೀ ಇಳಿ..."

ಹೆಣದ ಮುಂದೆ ಅಳುವ ಹೆಂಗಸಿನ ಬಾಯಿ ಯಾರೂ ಮುಚ್ಚಿಸುವಂತಿಲ್ಲ. ಗಂಡಸರು ನೆಲ ನೋಡುತ್ತ ನಿಂತರು. ಒಳಗಿನಿಂದ ಒಂದು ಹಿತ್ತಾಳೆ ತಂಬಿಗೆಯಲ್ಲಿ ನೀರು ಬಂತು. ದೊಡ್ಡವ್ವ ಎತ್ತಿ ಕುಡಿದು ಮತ್ತೆ ಮೊದಲಿನಿಂದ ಶುರು ಮಾಡಿದಳು. ಮರುದಿನ ಊರು ಬಿಟ್ಟಳು.

ಇದು ನನ್ನ ನೆನಪು. ಇದನ್ನು ನಾನು ಬಹಳ ವರ್ಷ ನಂಬಲಿಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದೆ, ಈಗ ರಾಯಚೂರಿನಲ್ಲಿ ಅದನ್ನೇ ಕಲಿಸುತ್ತೇನೆ. ನಡೆದಿರಲಿ ಎಂದು ಮನಸ್ಸು ಬಯಸುವುದನ್ನು ಎಲ್ಲಕ್ಕಿಂತ ಮೊದಲು ಅನುಮಾನಿಸಬೇಕೆಂದು ಹುಡುಗರಿಗೆ ಹೇಳುವವನು ನಾನು. ಆ ತಂಬಿಗೆ ನನ್ನನ್ನು ಕಾಡಿತು. ವಾಡೆಯವರು ನಮ್ಮವರ ಬೊಗಸೆಗೆ ಮೇಲಿನಿಂದ ನೀರು ಸುರಿಯುತ್ತಿದ್ದರೇ ಹೊರತು ಪಾತ್ರೆ ಮುಟ್ಟಗೊಡುತ್ತಿರಲಿಲ್ಲ. ತಂಬಿಗೆ ಸುಳ್ಳಾದರೆ ಅದರ ಸುತ್ತಲಿನದೂ ಸುಳ್ಳಿರಬಹುದು. ಮನೆಯವರು ಹೇಳಿದ ನಾಲ್ಕು ಮಾತಿಗೆ ನಾನೇ ಉಳಿದದ್ದನ್ನು ಸೇರಿಸಿಕೊಂಡಿರಬಹುದು. ಹಗೆ ಮಾತ್ರ ಹೋಗಲಿಲ್ಲ. ಸಾಕ್ಷಿಯಿಲ್ಲದ ಹಗೆ ಇಟ್ಟುಕೊಂಡು ಬದುಕುವುದು ಓದಿದವನಿಗೆ ಬಲು ಕಿರಿಕಿರಿ.

ಎರಡು ವರ್ಷದ ಹಿಂದೆ ಧಣಿಯ ಮೊಮ್ಮಗ ಫೋನ್ ಮಾಡಿದರು. ದೇವದುರ್ಗದಲ್ಲಿ ವ್ಯಾಪಾರ, ಕೈಯಲ್ಲಿ ನಾಲ್ಕು ಸಂಘ. "ಸರ್, ನಮ್ಮ ಬಾವಿ ರಿಪೇರಿ ಮಾಡ್ಸೀವಿ. ಎಂಥ ಮೆಟ್ಟಲ, ಎಂಥ ಕಲ್ಲಗೆಲಸ! ನಮ್ಮ ಭಾಗದ ಪರಂಪರೆ ಸರ್ ಅದು. ಕರೀ ಕಲ್ಲೂ ನಿಲ್ಸೀವಿ. ಅದರ ಮ್ಯಾಲ ಕೆತ್ತಾಕ ಅಜ್ಜನ ಹೆಸರಿಲೆ ನಾಕು ಸಾಲು ಬರಕೊಡ್ರಿ. ನೀವು ನಮ್ಮೂರ ಮಗ."

ಅಜ್ಜನ ಹೆಸರಿಲೆ. ಆ ಬಾವಿಗೆ. ನಾನು ಬರುತ್ತೇನೆ ಅಂದೆ, ಬರೆಯುತ್ತೇನೆ ಅನ್ನಲಿಲ್ಲ.

ಮೊದಲು ಮಾನ್ವಿಗೆ ಹೋದೆ. ದೊಡ್ಡವ್ವ ಆಗಲೇ ಹಾಸಿಗೆ ಹಿಡಿದಿದ್ದಳು. ಫೋನಿನ ರೆಕಾರ್ಡರ್ ಹಚ್ಚಿ, ಧಣಿ ಸತ್ತ ದಿನ ಏನೇನಾಯಿತು ಹೇಳು ಅಂದೆ.

"ನೀ ಅಲ್ಲೇ ಕುಂತಿದ್ದಿ. ನನ್ನ ಯಾಕ ಕೇಳ್ತಿ?"

"ನನಗ ನನ್ನ ನೆನಪಿನ ಮ್ಯಾಲ ಭರವಸಿ ಇಲ್ಲ."

"ಅಷ್ಟು ಓದಿಸಿ ಇದನ್ನ ಕಲಿಸಿದ್ರೇನು ನಿನಗ?" ಅವಳ ಬೆರಳು ಕಿವಿಗೆ ಹೋಯಿತು. "ನಾ ಹೇಳಿದ್ರ ನೀ ನಂಬ್ತಿ. ನಂಬಿ ಏನ್ ಮಾಡ್ತಿ? ನಮ್ಮ ಮಾತು ನಾವಾ ನಂಬಿದ್ರ ಏನ್ ಬಂತು? ಹೋಗು, ಅವರ ಬಾಯಿಂದ ಹೇಳಿಸ್ಕೊಂಡು ಬಾ."

ವಾಡೆಯಲ್ಲಿ ಮೊಮ್ಮಗ ನನ್ನನ್ನು ಕುರ್ಚಿ ಹಾಕಿ ಕೂಡಿಸಿದರು, ಚಹಾ ತರಿಸಿದರು, ಮನೆತನದ ಫೋಟೋ ತೋರಿಸಿದರು. ಒಳಗೋಡೆಗೆ ಆತು ಅವರ ತಾಯಿ ಮಂಚದ ಮೇಲೆ ಕೂತಿದ್ದರು. ಧಣಿಯ ಸೊಸೆ, ಆ ದಿನದ ಮದುಮಗಳು. ಈಗ ತಲೆಯೆಲ್ಲ ಬೆಳ್ಳಗಾಗಿ, ಕಣ್ಣು ಮಂಜಾಗಿದ್ದವು.

ಮೊಮ್ಮಗ ಉತ್ಸಾಹದಿಂದ ಅಂದರು: "ಸರ್, ನಿಮ್ಮ ದೊಡ್ಡವ್ವ ನಮ್ಮ ಅಜ್ಜಗ ಹೆಂಗ ಅತ್ತಿದ್ದಳಂದ್ರ ಊರಾಗ ಈಗೂ ಮಾತಾಡ್ತಾರ. ಅಂಥಾ ಪ್ರೀತಿ ಇತ್ತು ಆವಾಗ. ಇದನ್ನೂ ಸೇರಿಸ್ರಿ."

ನನ್ನ ಮೈ ಉರಿಯಿತು. ರಾಗ ನೆನಪಿಟ್ಟುಕೊಂಡು ಮಾತು ನುಂಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮಂಚದಿಂದ ದನಿ ಬಂತು.

"ನಿನ್ನ ಅಜ್ಜಗಲ್ಲೋ ಆಕಿ ಅತ್ತಿದ್ದು. ಆಕಿ ಗಂಡಗ."

"ಅವ್ವಾ, ನಿನಗ ವಯಸ್ಸಾಗ್ಯಾದ, ಒಂದಕ್ಕೊಂದು..."

"ವಯಸ್ಸಾಗ್ಯಾದ. ಆವಾಗ ಆಗಿದ್ದಿಲ್ಲ, ಕಿವೀನೂ ನೆಟ್ಟಗಿದ್ವು." ನನ್ನ ಕಡೆ ತಿರುಗಿದರು. "ನಾ ಈ ಮನಿ ಹೊಸ್ತಿಲ ದಾಟಿದ ದಿನ ಆತ ಸತ್ತಾನ. ನನಗ ಎಂಟು ದಿನ ಯಾರೂ ಹೇಳಲಿಲ್ಲ. ಮರುದಿನ ಆ ಬಾವಿ ನೀರಿಲೇ ನನಗ ಅರಿಶಿಣದ ಸ್ನಾನ ಮಾಡಿಸಿದ್ರು. ಮಾವ ಸತ್ತಾಗ ಆಕಿ ಅಂಗಳದಾಗ ಒಂದೊಂದೇ ಎತ್ತಿ ಆಡಾಕತ್ತಿದ್ದಳು, ಇನ್ನೂ ಆಡ್ಲಿ ಅನ್ನಸ್ತು. ದನಿ ಒಡ್ಯಾಕತ್ತಿತ್ತು. ನಾನಾ ತಂಬಿಗಿ ತುಂಬಿ ಕಳಿಸಿದೆ."

ತಂಬಿಗೆ. ನಾನು ಅದರ ಬಗ್ಗೆ ಆ ಮನೆಯಲ್ಲಿ ಒಂದು ಮಾತೂ ಎತ್ತಿರಲಿಲ್ಲ.

ಮೊಮ್ಮಗನ ಮುಖ ನೋಡಿದೆ. ಬಹಳ ಹೊತ್ತು ನೋಡಿದೆ. ಮಾನ್ವಿಗೆ ಹೋಗಿ ವರದಿ ಒಪ್ಪಿಸಬೇಕಾಗಿತ್ತು. ಆಮೇಲೆ, ನಾಲ್ಕು ಸಾಲು ಬರೆಯುತ್ತೇನೆ, ಆದರೆ ಮೊದಲ ಸಾಲಿನಲ್ಲಿ ನಮ್ಮ ದೊಡ್ಡಪ್ಪನ ಹೆಸರು, ಅವನು ಹೇಗೆ ಸತ್ತ, ಯಾರು ಇಳಿಸಿದರು ಎಂಬುದು ಇರುತ್ತದೆ ಅಂದೆ.

"ಸರ್, ಅದು ಪಾರಂಪರಿಕ ಕಲ್ಲು. ಪಾಸಿಟಿವ್ ಬರೀಬೇಕು. ಕೂಲಿಕಾರರ ಶ್ರಮಕ್ಕೆ ನಮನ ಅಂತ ಹಾಕೂಣು."

"ಕೂಲಿಕಾರರು ಬ್ಯಾಡ. ಹೆಸರು."

"ಬಾವಿ ಇರೋ ಹೊಲ ನನ್ನ ಹೆಸರಿಲೆ ಅದ," ಮಂಚದಿಂದ ಮತ್ತೆ ಬಂತು. "ಆ ಹೆಸರಿಲ್ಲದ ಅಕ್ಷರ ಆ ಕಲ್ಲಿನ ಮ್ಯಾಲ ಬೀಳಂಗಿಲ್ಲ."

ಅಂದೇ ಮಾನ್ವಿಗೆ ಹೋಗಿ ಎಲ್ಲ ಹೇಳಿದೆ. ದೊಡ್ಡವ್ವ ತಕ್ಷಣ ಕೇಳಿದ್ದು ಕಲ್ಲಿನ ಬಗ್ಗೆ ಅಲ್ಲ.

"ಮಾರಿ ಹೆಂಗಾಯ್ತು ಅವಂದು?"

"ಬಿಳಿಚಿತು. ಚಹಾದ ಕಪ್ಪು ಕೈಯಾಗಾ ಉಳೀತು."

"ಇನ್ನೊಮ್ಮೆ ಹೇಳು."

ಹೇಳಿದೆ. ಕಣ್ಣುಮುಚ್ಚಿ ಕೇಳಿದಳು. ಆ ಸೊಸೆ ಒಳ್ಳೆಯವಳು, ನಿನಗೆ ನೀರು ಕಳಿಸಿದಳು ಅಂದೆ. ದೊಡ್ಡವ್ವ ಕಣ್ಣು ತೆರೆದಳು.

"ಬಾಯಿ ಒಣಗಿತ್ತು, ಕುಡಿದೆ. ಮಾಫಿ ಮಾಡೀನಿ ಅಂದೆನೇನು?"

ಹೋದ ಚಳಿಗಾಲದಲ್ಲಿ ಅವಳು ತೀರಿಕೊಂಡಳು. ಮೊಮ್ಮಗ ಫೋನ್ ಮಾಡಿ ಸಂತಾಪ ಹೇಳಿದರು. "ಹಿರೇರು ಹೋದ್ರು ಸರ್, ಹಳೇದು ಅವರ ಕೂಡನಾ ಹೋಗ್ಲಿ" ಅಂದರು. ನಾನು ಹೂಂ ಅನ್ನಲಿಲ್ಲ. ನೆನಪನ್ನು ಅನುಮಾನಿಸುವುದು ನನಗೆ ವಿಶ್ವವಿದ್ಯಾಲಯ ಕಲಿಸಿತು. ಅನುಮಾನ ತೀರಿದ ಮೇಲೆ ಸುಮ್ಮನಿರಬಾರದೆಂಬುದನ್ನು ಕಲಿಸಿದವಳು ದೊಡ್ಡವ್ವ. ಆ ಋಣ ತೀರಿಸುವುದು ಅಂದರೆ ನನಗೆ ಗೊತ್ತಿರುವಂತೆ ಒಂದೇ: ಬಿಡದಿರುವುದು.

ಬಾವಿಯ ಕಲ್ಲು ಖಾಲಿಯೇ ನಿಂತಿದೆ. ಅವರ ತಾಯಿಗೆ ಈಗ ಮೈಯಲ್ಲಿ ಹುಷಾರಿಲ್ಲವೆಂದು ಕೇಳಿದೆ. ಆಕೆ ಹೋದರೆ ಹೊಲ ಮಗನದು, ಕಲ್ಲೂ ಮಗನದು. ಕೆತ್ತುವವರನ್ನು ಈಗಾಗಲೇ ಗೊತ್ತು ಮಾಡಿದ್ದಾರಂತೆ. ಅದಕ್ಕೇ ಇದನ್ನು ಅವಸರದಲ್ಲಿ ಬರೆದೆ. ನೋಡಿದವರಲ್ಲಿ, ಕೇಳಿದವರಲ್ಲಿ ಇನ್ನೂ ಒಬ್ಬರು ಉಸಿರಾಡುತ್ತಿರುವಾಗಲೇ, ಬೇಕಾದವರು ಹೋಗಿ ಕೇಳಲು ಸಾಧ್ಯವಿರುವಾಗಲೇ ಇದು ಅಚ್ಚಾಗಬೇಕು. ಮೊಮ್ಮಗ ಓದುತ್ತಾರೆ. ಓದಲೆಂದೇ ಬರೆದಿದ್ದೇನೆ.