ಸಿದ್ದಕ್ಕ ಹೇಳುತ್ತಿದ್ದ ಸಮಾಧಿ

ನಾರ್ತ್ ಕ್ಯಾರೊಲಿನಾದ ನಮ್ಮ ಲಿಂಡೆನ್ ಊರನ್ನು ಕಟ್ಟಿದವರು ಜರ್ಮನಿಯಿಂದ ಬಂದ ಬಡಗಿಗಳು, ಕುಂಬಾರರು. ಅವರ ಹಳೆಯ ಮನೆಯೊಂದು ಈಗ ಊರಿನ ಮ್ಯೂಸಿಯಂ. ಅದರ ಬಾಗಿಲಲ್ಲಿ ಆ ಕಾಲದ ಬಿಳಿ ಟೊಪ್ಪಿಗೆ, ಉದ್ದ ಲಂಗ ತೊಟ್ಟು, ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಿಜಾಪುರದ ಹೆಂಗಸೊಬ್ಬರು ನಿಂತಿದ್ದರೆ ಜನ ತಿರುಗಿ ನೋಡದೆ ಇರುತ್ತಾರೆಯೇ? ವಿಭೂತಿ ಅಳಿಸಬಹುದೇ ಎಂದು ಮ್ಯೂಸಿಯಂನವರು ಒಮ್ಮೆ ಮೆಲ್ಲಗೆ ಕೇಳಿದರು. "ಹಂಗಾದ್ರ ನಾ ಬರಂಗಿಲ್ಲ" ಎಂದು ಸಿದ್ದೇಶ್ವರಿಯವರು ಕನ್ನಡದಲ್ಲೇ ಹೇಳಿಬಿಟ್ಟರು. ಮ್ಯೂಸಿಯಂನವರಿಗೂ ಅರ್ಥವಾಯಿತು. ಸಂಬಳ ಕೇಳದೆ ದುಡಿಯುವವರನ್ನು ಯಾರು ಬಿಡುತ್ತಾರೆ?

ನಾನೂ ಅಲ್ಲಿ ಸಂಬಳವಿಲ್ಲದವಳೇ. ಮೈಸೂರಿನ ಉಷಾ. ಸಿದ್ದೇಶ್ವರಿಯವರನ್ನು, ಅಂದರೆ ನಮ್ಮ ಸಿದ್ದಕ್ಕನನ್ನು, ಕಾರಿನಲ್ಲಿ ಕರೆದುಕೊಂಡು ಹೋಗಿ ಬರುವುದು ನನ್ನ ಪಾಲಿಗೆ ಬಂದಿತ್ತು. ನಮ್ಮ ಕಡೆಯ ಸಾರು ಸಪ್ಪೆ, ನಮ್ಮ ಮಾತು ಇನ್ನೂ ಸಪ್ಪೆ ಎಂದು ದಾರಿಯುದ್ದಕ್ಕೂ ಬೈಸಿಕೊಳ್ಳುವುದೂ ಆ ಪಾಲಿಗೇ ಸೇರಿತ್ತು. ನಾನೇನು ಸುಮ್ಮನಿರುವ ಪೈಕಿಯಲ್ಲ. ಅವರ ರೊಟ್ಟಿಯಿಂದ ಮನೆಗೆ ಹೆಂಚು ಹೊದಿಸಬಹುದು ಎನ್ನುತ್ತಿದ್ದೆ. ನಕ್ಕು ನಕ್ಕು ಅವರಿಗೆ ಕೆಮ್ಮು ಬರುತ್ತಿತ್ತು. ಆ ಕೆಮ್ಮು ಕೋವಿಡ್ ಬಿಟ್ಟುಹೋದದ್ದು.

ಕೋವಿಡ್ ತೆಗೆದುಕೊಂಡು ಹೋದದ್ದು ಅವರ ಗಂಡ ವೀರಣ್ಣನವರನ್ನು. ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಔಷಧ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿದ್ದ ಗಟ್ಟಿ ಆಳು. ಇಬ್ಬರೂ ಒಂದೇ ಆಸ್ಪತ್ರೆ ಸೇರಿದರು. ಕೆಳಗಿನ ಮಹಡಿಯಲ್ಲಿ ಅವರು ತೀರಿಕೊಂಡಾಗ ಮೇಲಿನ ಮಹಡಿಯಲ್ಲಿ ಸಿದ್ದಕ್ಕನಿಗೆ ಪ್ರಜ್ಞೆಯೇ ಇರಲಿಲ್ಲ. ಆಸ್ಪತ್ರೆಯವರು ಜಾರ್ಜಿಯಾದ ಅಲ್ಫರೆಟಾದಲ್ಲಿದ್ದ ಮಗ ರೋಹಿತನಿಗೆ ಫೋನ್ ಮಾಡಿ, ಹೂಳಬೇಕೋ ಸುಡಬೇಕೋ ಎಂದು ಕೇಳಿದರು. ಅವನು ಅಮೆರಿಕದಲ್ಲೇ ಹುಟ್ಟಿದವನು, ಮನೆಯಲ್ಲಿ ಒಂದು ಸಾವನ್ನೂ ಕಂಡವನಲ್ಲ. ಕಂಡದ್ದು ಗೆಳೆಯರ ಮನೆಗಳಲ್ಲಿ, ಎಲ್ಲ ನಮ್ಮಂಥ ಬೆಂಗಳೂರು ಮೈಸೂರಿನವರ ಮನೆಗಳಲ್ಲಿ. ನಾವು ಹಿಂದೂಗಳು, ಸುಡುತ್ತೇವೆ ಎಂದ. ಕನ್ನಡ ಸಂಘದವರು ಪುರೋಹಿತರನ್ನು ಜೂಮಿನಲ್ಲಿ ಕೂರಿಸಿದರು. ನಾವೆಲ್ಲ ಮೊಬೈಲ್ ಮುಂದೆ ಕೈ ಮುಗಿದೆವು. ಬೂದಿಯನ್ನು ರೋಹಿತ ಸಮುದ್ರಕ್ಕೆ ಬಿಟ್ಟ. ಅವರು ಲಿಂಗಾಯತರು, ಅವರಲ್ಲಿ ಸುಡುವುದಿಲ್ಲ ಎಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಸಿದ್ದಕ್ಕ ಮನೆಗೆ ಬಂದಾಗ ಮಗ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲವನ್ನು ಕೈಗಿತ್ತ. ವೀರಣ್ಣನವರ ಗಡಿಯಾರ, ಕನ್ನಡಕ, ಕೊರಳಲ್ಲಿದ್ದ ಬೆಳ್ಳಿಯ ಕರಡಿಗೆ. ಕರಡಿಗೆಯೊಳಗೆ ಅವರ ಇಷ್ಟಲಿಂಗ. ಅದು ಅವರ ಕೈಯಲ್ಲಿ ಮಣ್ಣಿಗೆ ಹೋಗಬೇಕಾದದ್ದು. ಅದನ್ನು ನೋಡಿದೊಡನೆ ಸಿದ್ದಕ್ಕನಿಗೆ ಏನಾಗಿದೆ ಎಂದು ತಿಳಿಯಿತು. ಆದರೂ ಅವರು ಮಗನ ತಲೆ ಸವರಿ, "ಎಲ್ಲಾ ಚಲೋ ಮಾಡಿದಿ" ಎಂದರಂತೆ.

ಇದನ್ನು ಅವರು ನನಗೆ ಹೇಳಿದ್ದು ಎಷ್ಟೋ ದಿನಗಳ ಮೇಲೆ, ಕಾರಿನಲ್ಲಿ.

"ರೋಹಿತಂಗೆ ಹೇಳ್ಬಾರ್ದಾ ಅಕ್ಕಾ?" ಎಂದೆ.

"ಹೇಳಿದ್ರ ಅವರು ಎದ್ದು ಬರ್ತಾರೇನು? ಅಂವಗ ಗೊತ್ತಾತಂದ್ರ ಸಾಯೋತನಕ ಒಳಗ ಸುಡ್ತೈತಿ. ನೀ ಬಾಯಿ ಬಿಟ್ಟಿ ಅಂದ್ರ ನಿನ್ನ ಮಾರಿ ನೋಡಂಗಿಲ್ಲ, ನೋಡು."

ನಾನು ಬಾಯಿ ಬಿಡಲಿಲ್ಲ. ಮಗನಿಗೆ ಗೊತ್ತಾಗಬಾರದು ಎಂಬ ಆ ಒಂದು ಹಟದ ಮೇಲೆ ಹೆಂಗಸು ಬದುಕಿದ್ದರು.

ಮ್ಯೂಸಿಯಂನ ಹಿಂಭಾಗದಲ್ಲಿ ಆ ಜರ್ಮನರ ಸ್ಮಶಾನವಿದೆ. ಬಡವ ಬಲ್ಲಿದ ಎಲ್ಲರಿಗೂ ಒಂದೇ ಅಳತೆಯ ಕಲ್ಲು. ಗಂಡಸರ ಸಾಲು ಬೇರೆ, ಹೆಂಗಸರ ಸಾಲು ಬೇರೆ. "ಸತ್ತ ಮ್ಯಾಲೂ ಗಂಡನ್ನ ಬಿಟ್ಟಿರಬೇಕ? ಪಾಪ" ಎಂದು ಸಿದ್ದಕ್ಕ ಮರುಗುತ್ತಿದ್ದರು. ಆ ಸ್ಮಶಾನ ತೋರಿಸುವ ಕೆಲಸವನ್ನು ಅವರೇ ಕೇಳಿ ಪಡೆದರು. ಅವರ ಇಂಗ್ಲಿಷಿಗೂ ವ್ಯಾಕರಣಕ್ಕೂ ಎಣ್ಣೆ ಸೀಗೆಕಾಯಿ, ಆದರೂ ಜನ ಕಿವಿಗೊಟ್ಟು ಕೇಳುತ್ತಿದ್ದರು. ಒಂದು ದಿನ ಪ್ರವಾಸಿಯೊಬ್ಬಳು, ನಿಮ್ಮಲ್ಲಿ ಹೇಗೆ ಎಂದು ಕೇಳಿದಳು.

"ನಾವೂ ಹೂಳ್ತೀವಿ. ಆದ್ರ ಕೂಡಿಸಿ. ನನ್ನ ಯಜಮಾನ್ರು ಕುಂತಾರ. ಎಡಗೈಯಾಗ ಲಿಂಗ ಐತಿ. ಸುತ್ತ ವಿಭೂತಿ, ಪತ್ರಿ. ನಾನೇ ಮೊದಲ ಹಿಡಿ ಮಣ್ಣು ಹಾಕಿದ್ನಿ" ಎಂದು ತಮ್ಮ ಇಂಗ್ಲಿಷಿನಲ್ಲಿ ಹೇಳಿಬಿಟ್ಟರು.

ಅವರು ನನ್ನತ್ತ ನೋಡಲೇ ಇಲ್ಲ. ಅಂದಿನಿಂದ ಪ್ರತಿ ತಂಡಕ್ಕೂ ಅದೇ ಕತೆ. ಗಂಡನಿಗೆ ಸಿಗದ ಸಮಾಧಿಯನ್ನು ಆ ತಾಯಿ ಗುರುತಿಲ್ಲದವರ ಮುಂದೆ ಮತ್ತೆ ಮತ್ತೆ ಕಟ್ಟುತ್ತಿದ್ದರು. ಹೇಳುವಾಗ ಒಂದು ಕೈ ಲಂಗದೊಳಗಿನ ಜೇಬಿನಲ್ಲಿರುತ್ತಿತ್ತು. ಅಲ್ಲಿ ಏನಿದೆಯೆಂದು ನನಗೊಬ್ಬಳಿಗೇ ಗೊತ್ತಿತ್ತು.

ಶಾಲೆಗೆ ವಸಂತದ ರಜೆ ಸಿಕ್ಕಾಗ ರೋಹಿತ ಮಗಳು ಅಕ್ಷಯಾಳನ್ನು ಕರೆದುಕೊಂಡು, ಅಮ್ಮನಿಗೆ ಸರ್ಪ್ರೈಸ್ ಕೊಡಲು ಹೇಳದೆ ಕೇಳದೆ ನೇರ ಮ್ಯೂಸಿಯಂಗೆ ಬಂದ. ನಾನು ನೋಡುವಷ್ಟರಲ್ಲಿ ಇಬ್ಬರೂ ತಂಡದ ಹಿಂದೆ ನಿಂತಾಗಿತ್ತು. ಕೆಮ್ಮಿದೆ, ಊಟದ ಹೊತ್ತಾಯಿತೆಂದು ಕೂಗಿದೆ. ಸಿದ್ದಕ್ಕ ಕಣ್ಣು ಮುಚ್ಚಿಕೊಂಡು, "ಎಡಗೈಯಾಗ ಲಿಂಗ ಐತಿ" ಎನ್ನುತ್ತಿದ್ದರು. ಕಣ್ಣು ತೆರೆದಾಗ ಎದುರಿಗೆ ಮಗನಿದ್ದ.

ಜನ ಚದುರಿ, ಅಕ್ಷಯಾ ಕಲ್ಲುಗಳನ್ನು ಎಣಿಸುತ್ತ ದೂರ ಹೋದ ಮೇಲೆ ಅವನು ಕೇಳಿದ. "ಅಮ್ಮಾ, ನಾವು ಹೂಳ್ತೀವಾ? ಕ್ರಿಮೇಷನ್ ಇಲ್ವಾ?"

"ಅದು ಊರ ಕಡೆ. ಇಲ್ಲಿ ಎಲ್ಲಾ ನಡೀತೈತಪ್ಪಾ."

"ಅಪ್ಪನಿಗೆ ಏನು ಬೇಕಿತ್ತು? ಟೆಲ್ ಮಿ ದ ಟ್ರೂತ್."

ಸಿದ್ದಕ್ಕ ಜೇಬಿನಿಂದ ಕರಡಿಗೆ ತೆಗೆದು ಅವನ ಎಡಗೈಯಲ್ಲಿಟ್ಟರು. ಅವನು ಆ ಕಲ್ಲುಗಳ ನಡುವೆ ಕುಸಿದು ಕುಳಿತು, ಬಾಯಿಗೆ ಕೈ ಒತ್ತಿಕೊಂಡು ಅತ್ತ. ಇಷ್ಟು ವರ್ಷ ಕಾಪಾಡಿದ್ದು ಒಂದು ಮಾತಿನಲ್ಲಿ ಹೋಯಿತು. ಅವರು ಅವನ ಬೆನ್ನು ಸವರುತ್ತ ಹೇಳಿದ್ದು ಇಷ್ಟೇ: "ನನಗ ಹಂಗ ಮಾಡಬ್ಯಾಡ. ಕೂಡಿಸು. ಅವರದೂ ನನ್ನದೂ ಎರಡೂ ನನ್ನ ಕೈಯಾಗಿಡು."

ಮರುವರ್ಷದ ಚಳಿಗಾಲದಲ್ಲಿ ಸಿದ್ದಕ್ಕ ಅಡುಗೆಮನೆಯಲ್ಲಿ ಕುಸಿದು ಬಿದ್ದರು, ಮತ್ತೆ ಏಳಲಿಲ್ಲ. ಪೆಟ್ಟಿಗೆ ಬೇಡ, ಕೂರಿಸಿ ಹೂಳಬೇಕು ಎಂದು ರೋಹಿತ ಎರಡು ಕ್ಯಾರೊಲಿನಾಗಳಲ್ಲೂ ಜಾರ್ಜಿಯಾದಲ್ಲೂ ಸ್ಮಶಾನಗಳವರನ್ನು ಬೇಡಿಕೊಂಡ. ಯಾರೂ ಒಪ್ಪಲಿಲ್ಲ. ಪೆಟ್ಟಿಗೆ ಇರಲೇಬೇಕು, ಪೆಟ್ಟಿಗೆಯಲ್ಲಿ ಮಲಗಿಸಲೇಬೇಕು. ಮ್ಯೂಸಿಯಂನ ಸ್ಮಶಾನದಲ್ಲಿ ಆ ಜರ್ಮನರ ಚರ್ಚಿನ ಸಭೆಯವರಿಗಷ್ಟೇ ಜಾಗ. ಆ ಊರಿಗಾಗಿ ಅಷ್ಟು ದುಡಿದ ಹೆಂಗಸಿಗೆ ಅಲ್ಲಿ ಒಂದು ಕಲ್ಲಿಗೂ ಎಡೆಯಿರಲಿಲ್ಲ. ನನಗೆ ಇವತ್ತಿಗೂ ಅದನ್ನು ನೆನೆದರೆ ಮೈ ಉರಿಯುತ್ತದೆ. ಕಡೆಗೆ ಹೆದ್ದಾರಿ ಪಕ್ಕದ ಸ್ಮಶಾನವೊಂದರಲ್ಲಿ ಅವರನ್ನು ಮಲಗಿಸಿಯೇ ಕಳಿಸಿದೆವು. ಮುಚ್ಚಳ ಹಾಕುವ ಮುನ್ನ ರೋಹಿತ ಅವರ ಎಡಗೈ ಬಿಡಿಸಿ ಇಬ್ಬರ ಲಿಂಗವನ್ನೂ ಇಟ್ಟು ಬೆರಳು ಮಡಿಚಿದ. "ಆಂಟಿ, ಎರಡನೇ ಸಲನೂ ನಾನೇ ತಪ್ಪು ಮಾಡ್ದೆ" ಎಂದು ನನ್ನ ಹೆಗಲ ಮೇಲೆ ತಲೆಯಿಟ್ಟ. ನನಗೂ ಅಳು ತಡೆಯಲಿಲ್ಲ.

ಅಕ್ಷಯಾ ಪೆಟ್ಟಿಗೆ ಮುಚ್ಚಿದ ಮೇಲೆ ಬಂದವಳು. ಮಣ್ಣು ಹಾಕಿ ಮುಗಿದಾಗ ಅಪ್ಪನ ಕೋಟು ಜಗ್ಗಿದಳು.

"ಡ್ಯಾಡ್, ಅಜ್ಜಿ ಕೂತಿದ್ದಾರಾ? ಲೈಕ್ ತಾತ?"

ರೋಹಿತ ನನ್ನ ಮುಖ ನೋಡಿದ. ಆಮೇಲೆ ಮಣ್ಣು ನೋಡಿದ.

"ಹೌದು ಪುಟ್ಟಾ, ಕೂತಿದ್ದಾರೆ. ತಾತನ ಥರಾನೇ."

"ಕೈಯಲ್ಲಿ?"

"ಎರಡೂ ಇದೆ" ಎಂದ. ಅದೊಂದು ಮಾತ್ರ ನಿಜ.